ತಡವಾದದ್ದಕ್ಕೆ ಕಾರಣ

ಲೋಲನ್ ದ್ವೀಪದಲ್ಲಿ ನವೆಂಬರಿನ ಸೂರ್ಯ
ಮೇಲೇಳುವುದಿಲ್ಲ, ರಸ್ತೆಗಿಳಿಯುತ್ತಾನೆ.
ಎಂಟೂಕಾಲಿಗೆ ಸರಿಯಾಗಿ ನನ್ನ ಲಾರಿಯೆದುರು
ಸುಂಕದ ಕಟ್ಟೆಯವನ ಹಾಗೆ ಕೈ ಅಡ್ಡ ಹಿಡಿದು.

ಬೆನ್ನ ಹಿಂದೆ ರಾಶಿ ರಾಶಿ ಸಕ್ಕರೆ ಗೆಡ್ಡೆ,
ಗೆಡ್ಡೆಗಂಟಿದ ಮಣ್ಣು, ಮಣ್ಣಿಗಂಟಿದ ಇಬ್ಬನಿ,
ಗಾಡಿಯೂ ಸೇರಿ ನಲವತ್ತೆಂಟು ಟನ್ನು.
ಮುಂಗಾಜಿನ ಮೇಲೆ ನಿನ್ನೆಯ ಕೆಸರನ್ನು
ವೈಪರು ಅರ್ಧಚಂದ್ರವಾಗಿ ಬಳಿದಿತ್ತು.
ಕತ್ತಲಲ್ಲಿ ಅದು ಬರೀ ಕೊಳೆ.
ಬಿಸಿಲು ಬಿದ್ದರೆ ಗೋಡೆ.

ಮೂವತ್ತು ವರ್ಷ ಇದೇ ದಾರಿ.
ಬಲಕ್ಕೆ ಒಡ್ಡು, ಒಡ್ಡಿನಾಚೆ ಸಮುದ್ರ,
ಎಡಕ್ಕೆ ಕಿತ್ತು ಮುಗಿದ ಹೊಲ, ಮೂರು ಗಾಳಿಯಂತ್ರ,
ಯಾರೂ ಹತ್ತದ ಒಂದು ಬಸ್ ನಿಲ್ದಾಣ.
ಕಣ್ಣು ಮುಚ್ಚಿಯೂ ಓಡಿಸಬಲ್ಲೆ ಅಂತ
ಕುಡಿದಾಗೊಮ್ಮೆ ಕೊಚ್ಚಿಕೊಂಡಿದ್ದೆ.
ಆ ಬೆಳಗ್ಗೆ ಅದನ್ನೇ ಮಾಡುತ್ತಿದ್ದೆ,
ಕಣ್ಣು ತೆರೆದುಕೊಂಡು.

ಮೊದಲು ಕಂಡದ್ದು ನೆರಳು.
ಬೆಳ್ಳಿ ಕರಗಿಸಿ ಹೊಯ್ದಂತಿದ್ದ ಒದ್ದೆ ಟಾರಿನ ಮೇಲೆ
ನನ್ನ ಚಕ್ರದವರೆಗೆ ಚಾಚಿದ ಕಪ್ಪು ಗೀರು.
ಪಾಪ್ಲರ್ ಮರದ್ದಿರಬೇಕು, ಅಂದುಕೊಂಡೆ.
ಆಮೇಲೆ ನೆನಪಾಯಿತು,
ಪಾಪ್ಲರ್ ಮರಗಳನ್ನು ಹೋದ ವರ್ಷವೇ ಕಡಿದರು.

ಬ್ರೇಕು.
ಇದ್ದಬದ್ದ ಚಕ್ರಗಳೆಲ್ಲ ಒಟ್ಟಿಗೆ ಕಿರುಚಿದವು.
ಗೆಡ್ಡೆಗಳು ಧಡಧಡ ಉರುಳಿ ರಸ್ತೆಯ ತುಂಬ.
ಬೆಳಕಿನ ಹೊಟ್ಟೆಯಿಂದ ಸೈಕಲ್ಲೊಂದು ಹೊರಬಂದು
ಒಡ್ಡಿನ ಹುಲ್ಲಿಗೆ ಹೊರಳಿತು.

ವಿಬೆಕೆ.
ಕಾರ್ಖಾನೆಯ ತೂಕದ ಕಟ್ಟೆಯಲ್ಲಿ
ಇಪ್ಪತ್ತಾರು ಹಂಗಾಮು ನನ್ನ ಲಾರಿ ತೂಗಿದವಳು.
ಈಗ ನಿವೃತ್ತೆ. ಬೆಳಗಾದರೆ ಕೊರೆಯುವ ಸಮುದ್ರಕ್ಕೆ ಹಾರಿ
ಒದ್ದೆ ಕೂದಲ ಮೇಲೆ ಉಣ್ಣೆಯ ಟೋಪಿ ಎಳೆದು
ಮನೆಗೆ ಹೊರಡುತ್ತಾಳೆ, ಸೂರ್ಯನ ಕಡೆಗೆ.

ಎದ್ದಳು. ಮೊಣಕಾಲು ಕೊಡವಿದಳು.
ಉರುಳಿದ ಗೆಡ್ಡೆಯೊಂದನ್ನೆತ್ತಿ ಅಂಗೈಯಲ್ಲಿ ತೂಗಿ
"ಒಂದೂಕಾಲು ಕಿಲೋ" ಅಂದಳು.
ದನಿ ನಡುಗುತ್ತಿತ್ತು, ಅಂಕಿ ನಡುಗಲಿಲ್ಲ.

"ನೆರಳು ಅಂದರೆ ಬೆರಳು, ತೋರ್ಕಿಲ್.
ಅದು ತೋರಿಸುವ ಕಡೆಯಿಂದ ಬರುವವನಿಗೆ
ನಾನು ಕಾಣುವುದಿಲ್ಲ.
ಹಿಂದೆ ಬಿದ್ದರೆ ಹಿಂದಿನವನು ಕುರುಡ,
ಮುಂದೆ ಬಿದ್ದರೆ ಎದುರಿನವನು.
ಗೊತ್ತಿತ್ತು ನನಗೆ. ಟೋಪಿ ಕಿವಿ ಮುಚ್ಚಿತ್ತು,
ನಿನ್ನ ಸದ್ದು ಕೇಳಲಿಲ್ಲ. ಅದು ನನ್ನ ಪಾಲು.
ನಿನ್ನದು ಹೇಳು.
ಏನೂ ಕಾಣದಾಗ ಏನು ನೋಡಿ ಓಡಿಸಿದೆ?"

"ನೆನಪು" ಅಂದೆ.

"ಆ ನೆನಪಿನ ರಸ್ತೆಯಲ್ಲಿ ನಾನಿದ್ದೆನೆ?"

ಇರಲಿಲ್ಲ.
ಅಲ್ಲಿ ಇನ್ನೂ ಪಾಪ್ಲರ್ ಮರಗಳಿದ್ದವು.

ಇಬ್ಬರೂ ಸೇರಿ ಗೆಡ್ಡೆ ಆಯ್ದು ಅಂಚಿಗೆ ಎಸೆದೆವು.
ಅವಳ ಸೈಕಲ್ಲಿನ ಹಿಂದೀಪ ಅಷ್ಟು ಹೊತ್ತೂ
ಮಿಣಮಿಣ ಉರಿಯುತ್ತಲೇ ಇತ್ತು,
ಹಬ್ಬದ ಗದ್ದಲದಲ್ಲಿ ಯಾರೋ ಪಿಸುಗುಟ್ಟಿದ ಹಾಗೆ.

ಈಗ ಗಾಜನ್ನು ಒಳಗಿನಿಂದಲೂ ಒರೆಸುತ್ತೇನೆ.
ಸೂರ್ಯ ರಸ್ತೆಗಿಳಿದ ದಿನ
ಆ ಬಸ್ ನಿಲ್ದಾಣಕ್ಕೆ ಲಾರಿ ತಿರುಗಿಸಿ
ಅವನು ಕಾರ್ಖಾನೆಯ ಚಿಮಣಿ ಹತ್ತುವವರೆಗೆ
ಫ್ಲಾಸ್ಕಿನ ಕಾಫಿ ಕುಡಿಯುತ್ತ ಕೂರುತ್ತೇನೆ.
ಹನ್ನೆರಡು ನಿಮಿಷ. ಒಮ್ಮೊಮ್ಮೆ ಹದಿನೈದು.

ಗೇಟಿನಲ್ಲಿ ಚೀಟಿ ಕೊಡುತ್ತಾರೆ:
ತಡವಾದದ್ದಕ್ಕೆ ಕಾರಣ.
ಸೂರ್ಯ, ಅಂತ ಬರೆದೆ.

ಪ್ರೆಬೆನ್ ಕನ್ನಡಕ ಏರಿಸಿ ಓದಿದ.
"ನಮ್ಮ ಪಟ್ಟಿಯಲ್ಲಿ ಸೂರ್ಯ ಇಲ್ಲವಲ್ಲೋ.
ಪಂಕ್ಚರ್ ಇದೆ, ಜ್ವರ ಇದೆ, ಮಂಜು ಇದೆ."
ತಾನೇ ಪೆನ್ನು ತೆಗೆದು
ಮಂಜಿನ ಮುಂದೆ ಗುರುತು ಹಾಕಿದ.

ಹೊರಗೆ ನಿಚ್ಚಳ ಬಿಸಿಲು.
ಗೇಟಿನಾಚೆ ವಿಬೆಕೆ ಗಂಟೆ ಬಾರಿಸಿ ದಾಟಿದಳು,
ಹಿಂದಿನ ಕ್ಯಾರಿಯರಿನಲ್ಲಿ ಅವಳ ಟವೆಲ್ಲು
ಹಲಗೆಯ ಹಾಗೆ ಸೆಟೆದುಕೊಂಡಿತ್ತು.